ಮರುಭೂಮಿಯಲ್ಲಿ ಮಳೆಯ ಲೆಕ್ಕ ಹಿಡಿದ ಮೈಕೆಲ್ ಎವೆನಾರಿ

ಮರುಭೂಮಿಯೆಂದರೆ ಬರಡು ನೆಲವೆಂದೇ ನಾವು ಭಾವಿಸುತ್ತೇವೆ. ಆ ನೆಲದಲ್ಲೇ ಬೇಸಾಯದ ಬಗೆಯನ್ನು ಅರಸಿದವರು ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿ.

1904ರಲ್ಲಿ ಅಂದಿನ ಜರ್ಮನಿಯ ಮೆಟ್ಸ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದ ಅವರ ಮೊದಲ ಹೆಸರು ವಾಲ್ಟರ್ ಶ್ವಾರ್ಟ್ಸ್. 1933ರಲ್ಲಿ ನಾಜಿ ಆಡಳಿತದಿಂದಾಗಿ ಡಾರ್ಮ್‌ಸ್ಟಾಟ್‌ನಲ್ಲಿ ಅಧ್ಯಾಪನ ವೃತ್ತಿಯನ್ನು ಕಳೆದುಕೊಂಡು ಪ್ಯಾಲೆಸ್ಟೈನಿಗೆ ತೆರಳಿದರು. ಮುಂದೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ನೆಗೆವ್ ಮರುಭೂಮಿಯ ಅವ್ದಾತ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಮಾತ್ರ. ಆದರೂ ಅಲ್ಲಿ ಪ್ರಾಚೀನ ಹೊಲಗಳ ಕುರುಹುಗಳಿದ್ದವು. ಮಳೆಗೆ ನೆನೆದೊಡನೆ ಅಲ್ಲಿನ ಮಣ್ಣಿನ ಮೇಲ್ಪದರ ಬಿಗಿದುಕೊಳ್ಳುವುದರಿಂದ ನೀರು ಇಂಗದೆ ಹರಿಯುತ್ತದೆ. ಇಳಿಜಾರಿನ ಆ ನೀರನ್ನು ಕಾಲುವೆಗಳ ಮೂಲಕ ಕಣಿವೆಯ ಕಿರುಹೊಲಕ್ಕೆ ತಿರುಗಿಸುವುದೇ ಪೂರ್ವಿಕರ ಉಪಾಯ. ಒಂದು ಎಕರೆ ಹೊಲಕ್ಕೆ ಇಪ್ಪತ್ತು, ಮೂವತ್ತು ಎಕರೆ ಇಳಿಜಾರು ಬೇಕು. 1950ರ ದಶಕದ ಕೊನೆಯಲ್ಲಿ ಎವೆನಾರಿಯವರು ಶಾನನ್ ಮತ್ತು ತಾಡ್ಮೋರ್ ಎಂಬ ಸಹೋದ್ಯೋಗಿಗಳೊಡನೆ ಈ ಹೊಲಗಳನ್ನು ಪುನರುಜ್ಜೀವನಗೊಳಿಸಿ, ಹರಿದುಬಂದ ಮಳೆನೀರಿನಿಂದಲೇ ಬಾದಾಮಿ, ಪಿಸ್ತಾ, ಏಪ್ರಿಕಾಟ್ ಬೆಳೆದು ತೋರಿಸಿದರು.

1988ರಲ್ಲಿ ಬಾಲ್ಜಾನ್ ಪ್ರಶಸ್ತಿ ಪಡೆದ ಅವರು ಮರುವರ್ಷ ನಿಧನರಾದರು.

ಬಯಲುಸೀಮೆಯ ನಮ್ಮ ಹಿರಿಯರೂ ಹರಿವ ಮಳೆನೀರನ್ನು ಕೆರೆಗಳಲ್ಲಿ ತಡೆದವರೇ. ಮಹಾನಗರಗಳಲ್ಲಿ ದೂರದ ನದಿಗಳ ನೀರನ್ನು ನೆಚ್ಚಿ ಬಾಳುವ ನಾವು, ನಮ್ಮ ಸೂರಿನ ಮೇಲೆ ಬೀಳುವ ಮಳೆಯ ಲೆಕ್ಕವನ್ನು ಮೊದಲು ಹಿಡಿಯಬೇಕೆಂಬುದೇ ಎವೆನಾರಿಯವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ.