ಡಾ. ಯಲ್ಲಾಪ್ರಗಡ ಸುಬ್ಬರಾಯರು

ಚೀನಾದೇಶದಲ್ಲಿ ಗಾಯಾಳುಗಳ ಸೇವೆ ಮಾಡುತ್ತ ದೇಹವಿಟ್ಟ ಡಾ. ಕೋಟ್ನೀಸರು ನಮ್ಮ ಸೊಲ್ಲಾಪುರದವರೆಂದು ನಾವು ಅಭಿಮಾನಪಡುತ್ತೇವೆ. ಅವರಂತೆಯೇ ಪರದೇಶದಲ್ಲಿ ದುಡಿದು ಅಲ್ಲಿಯೇ ಕಣ್ಮುಚ್ಚಿದ ಇನ್ನೊಬ್ಬ ಭಾರತೀಯ ವೈದ್ಯರು ಯಲ್ಲಾಪ್ರಗಡ ಸುಬ್ಬರಾಯರು. ಅವರ ಜೀವನವನ್ನೂ ನಾವು ಅರಿಯಬೇಕು.

ಸುಬ್ಬರಾಯರು 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ತಂದೆ ಬೇಗನೆ ತೀರಿಕೊಂಡರು. ಮುಂದೆ ಸ್ಪ್ರೂ ಎಂಬ ಕರುಳಿನ ಬೇನೆ ಸಹೋದರನನ್ನೂ ಬಲಿ ತೆಗೆದುಕೊಂಡಿತು. ಉಂಡ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ ರೋಗಿ ಸೊರಗುವ ಆ ರೋಗಕ್ಕೆ ಆಗ ಮದ್ದಿರಲಿಲ್ಲ.

ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಆಂಗ್ಲ ಪ್ರಾಧ್ಯಾಪಕರ ಅವಕೃಪೆಯಿಂದ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಎದೆಗುಂದದೆ ಅಮೆರಿಕೆಯ ಬೋಸ್ಟನ್ನಿಗೆ ಹೋದರು. ಆಸ್ಪತ್ರೆಯಲ್ಲಿ ರಾತ್ರಿ ಕೂಲಿ ಮಾಡಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿತರು. ಅಲ್ಲಿ ಫಿಸ್ಕ್ ಎಂಬ ವಿಜ್ಞಾನಿಯೊಡನೆ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಸ್ನಾಯುಗಳ ಶಕ್ತಿಗೆ ಮೂಲವಾದ ಎ.ಟಿ.ಪಿ.ಯನ್ನು 1929ರಲ್ಲಿ ಬೆಳಕಿಗೆ ತಂದರು.

ಅವರು 1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದರು. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರನನ್ನು ಕೊಂದ ಸ್ಪ್ರೂ ರೋಗಕ್ಕೆ ಇದೇ ಮದ್ದಾಯಿತು!

ಆದರೆ ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರರು ಬೇರೊಂದನ್ನು ಕಂಡರು. ರಕ್ತದ ಕ್ಯಾನ್ಸರಾದ ಲ್ಯುಕೇಮಿಯಾದಲ್ಲಿ ಬಿಳಿ ರಕ್ತಕಣಗಳು ಹದ್ದುಮೀರಿ ಬೆಳೆಯುತ್ತವೆ. ಫೋಲಿಕ್ ಆಮ್ಲ ಕೊಟ್ಟರೆ ಆ ಬೆಳವಣಿಗೆ ಇನ್ನೂ ಹೆಚ್ಚುವಂತೆ ತೋರಿತು. ಹಾಗಾದರೆ ಅದನ್ನು ತಡೆದರೆ? ಸುಬ್ಬರಾಯರ ತಂಡ ಅಮಿನಾಪ್ಟೆರಿನ್ ಎಂಬ ಔಷಧವನ್ನು ಮಾಡಿಕೊಟ್ಟಿತು. ಇದು ಖೊಟ್ಟಿ ನಾಣ್ಯದಂತೆ. ನೋಡಲು ಫೋಲಿಕ್ ಆಮ್ಲವೇ, ಆದರೆ ಜೀವಕೋಶದ ವ್ಯವಹಾರಕ್ಕೆ ಬಾರದು. ಅದನ್ನು ಒಳಗೆ ತೆಗೆದುಕೊಂಡ ಕೋಶ ಒಂದು ಎರಡಾಗಿ ಬೆಳೆಯಲಾರದು. ಫಾರ್ಬರರು 1948ರಲ್ಲಿ ಪ್ರಕಟಿಸಿದಂತೆ, 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ರೋಗ ಮತ್ತೆ ಮರುಕಳಿಸಿತು, ನಿಜ. ಆದರೂ ಮದ್ದೇ ಇಲ್ಲವೆಂದು ಕೈಚೆಲ್ಲಿದ್ದ ಕಡೆ ಮೊದಲ ಬಾಗಿಲು ತೆರೆಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 53 ವರ್ಷ. ಅವರ ತಂಡದ ಇನ್ನೊಂದು ಔಷಧ ಮೆಥೋಟ್ರೆಕ್ಸೇಟ್ ಇಂದಿಗೂ ಲ್ಯುಕೇಮಿಯಾದ ಮಕ್ಕಳಿಗೆ ಆಸರೆಯಾಗಿದೆ. ದೇಹವೇ ರೋಗದ ವಿರುದ್ಧ ಹೊರಡಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನು 1957ರಲ್ಲಿ ತಿಳಿದುಬಂದು, ಮುಂದೆ ಕೆಲವು ಬಗೆಯ ಲ್ಯುಕೇಮಿಯಾವನ್ನು ಹತೋಟಿಗೆ ತಂದಿತು.

ವಿದ್ಯಾರ್ಥಿಗಳೇ, ಪದವಿಯ ಕಾಗದ ಕಿರಿದಾಗಿದ್ದರೂ ಸುಬ್ಬರಾಯರ ಕೆಲಸ ಕಿರಿದಾಗಲಿಲ್ಲ. ಒಂದು ಮನೆಯ ದುಃಖ ಸಾವಿರಾರು ಮನೆಗಳ ಕಣ್ಣೀರನ್ನು ಒರೆಸಿತು.