ಹೊಲದಾಳುಗಳ ಬಿಯರ್ ಮತ್ತು ಸಂತ ಅರ್ನಾಲ್ಡರು

ಮದ್ದೂರು, ಮಳವಳ್ಳಿಯ ಹೊಲಗಳಲ್ಲಿ ಬಿಸಿಲೇರಿದಾಗ ಕುಡಿಯುವ ಹುಳಿ ಅಂಬಲಿಯ ರುಚಿ ನಿಮಗೆ ಗೊತ್ತೇ ಇದೆ. ಬೆಲ್ಜಿಯಂನ ರೈತರು ಚಳಿಗಾಲದಲ್ಲಿ ಮಾಡಿಟ್ಟು ಬೇಸಿಗೆಯಲ್ಲಿ ಆಳುಗಳಿಗೆ ಕೊಡುತ್ತಿದ್ದ ‘ಸೇಸೋಂ’ ಬಿಯರ್ ಕೂಡ ಸಿಹಿಯಿಲ್ಲದ್ದು, ತುಸು ಹುಳಿ, ತುಸು ಖಾರ. ಮೊದಲ ಗುಟುಕಿಗೇ ಒಲಿಯುವುದಿಲ್ಲ. ನಿಧಾನವಾಗಿ ಹೀರಿದವರಿಗಷ್ಟೇ ರುಚಿ ಹತ್ತುತ್ತದೆ.

ಆ ನಾಡಿನ ಬಿಯರ್ ತಯಾರಕರ ಪಾಲಕರು ಸಂತ ಅರ್ನಾಲ್ಡರು. ಸುಮಾರು 1040ರಲ್ಲಿ ಫ್ಲ್ಯಾಂಡರ್ಸ್‌ನ ಟೀಗೆಮ್‌ನಲ್ಲಿ ಹುಟ್ಟಿದ ಅವರು ಸೈನಿಕರಾಗಿದ್ದು, ಕತ್ತಿ ಕೆಳಗಿಟ್ಟು ಸ್ವಾಸೋಂ ನಗರದ ಮಠ ಸೇರಿದರು. ಧರ್ಮಾಧ್ಯಕ್ಷರಾದರೂ ಆ ಪೀಠದಲ್ಲಿ ನಿಲ್ಲದೆ, 1084ರಲ್ಲಿ ಔಡೆನ್‌ಬರ್ಗ್‌ನಲ್ಲಿ ಮಠ ಕಟ್ಟಿದರು. ವ್ಯಾಧಿ ಹರಡಿದಾಗ ನೀರು ಬಿಟ್ಟು ಬಿಯರ್ ಕುಡಿಯುವಂತೆ ಜನರನ್ನು ಒತ್ತಾಯಿಸಿದರೆಂಬುದು ಐತಿಹ್ಯ. ನಿಜವಾದರೆ, ಜೀವ ಉಳಿಸಿದ್ದು ಅಮಲಲ್ಲ, ಕುದಿಸಿದ ನೀರು! 1087ರಲ್ಲಿ ಅಲ್ಲೇ ತೀರಿಕೊಂಡರು. ಚಿತ್ರಗಳಲ್ಲಿ ಅವರ ಕೈಯಲ್ಲಿ ಬಿಯರ್ ಕದಡುವ ಹುಟ್ಟನ್ನು ನೋಡಬಹುದು.