ಯುದ್ಧಕ್ಕೆ ಎರಡು ಸಲ ಬೇಡ ಎಂದವರು

ಹೊರದೇಶದ ಮೇಲೆ ಯುದ್ಧಕ್ಕೆ ಒಪ್ಪಿಗೆ ಕೊಡಿ ಎಂದು ಸರ್ಕಾರ ಕೇಳಿದಾಗ ಜನಪ್ರತಿನಿಧಿಗಳು ಎಂದಾದರೂ ಬೇಡ ಎಂದಿದ್ದಾರೆಯೇ? ಸ್ಪರ್ಧಾತ್ಮಕ ಪರೀಕ್ಷೆಗೆಂದು ಬೇರೆ ಬೇರೆ ದೇಶಗಳ ಸಂವಿಧಾನ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕೆಣಕುತ್ತದೆ. ಅಮೆರಿಕದ ಸಂವಿಧಾನ ಯುದ್ಧ ಘೋಷಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿಲ್ಲ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟಿದೆ. ನಮ್ಮ ಸಂವಿಧಾನದಲ್ಲಿ ಯುದ್ಧಕ್ಕೆ ಮುನ್ನ ಸಂಸತ್ತಿನ ಮತ ಪಡೆಯಲೇಬೇಕು ಎಂಬ ವಿಧಿ ಇಲ್ಲ. ಅಧಿಕಾರ ಇದ್ದ ಮಾತ್ರಕ್ಕೆ ಬೇಡ ಎನ್ನುವ ಧೈರ್ಯವೂ ಬಂದುಬಿಡುತ್ತದೆಯೇ? ಇದಕ್ಕೆ ಉತ್ತರ ಹುಡುಕುವಾಗ ನನಗೆ ಸಿಕ್ಕ ಹೆಸರು ಜೆನೆಟ್ ರ‍್ಯಾಂಕಿನ್. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಒಂದೇ ಸಾಲು: ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ. ಆದರೆ ಅವರ ಬದುಕು ಆ ಒಂದು ಸಾಲಿಗಿಂತ ಬಹಳ ದೊಡ್ಡದು.

ಜೆನೆಟ್ ಹುಟ್ಟಿದ್ದು 1880ರ ಜೂನ್ 11ರಂದು, ಮೊಂಟಾನಾದ ಮಿಸೌಲಾ ಪಟ್ಟಣದ ಬಳಿ. ಅಪ್ಪ ದನ ಸಾಕಣೆ ಮತ್ತು ಮರದ ಕೆಲಸದಲ್ಲಿದ್ದವರು, ಅಮ್ಮ ಮದುವೆಗೆ ಮುಂಚೆ ಶಿಕ್ಷಕಿ. ಮನೆಗೆ ಹಿರಿಮಗಳಾದ್ದರಿಂದ ತಮ್ಮ ತಂಗಿಯರ ಜವಾಬ್ದಾರಿ ಇವರ ಮೇಲಿತ್ತು. 1902ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದಿಂದ ಜೀವಶಾಸ್ತ್ರದಲ್ಲಿ ಪದವಿ ಪಡೆದರು. ಆಮೇಲಿನ ವರ್ಷಗಳು ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ಡಿಗ್ರಿ ಕೈಯಲ್ಲಿದೆ, ಮುಂದೇನು ಎಂದು ಗೊತ್ತಿಲ್ಲ. ಶಾಲೆಯಲ್ಲಿ ಪಾಠ ಹೇಳಿದರು, ಬಟ್ಟೆ ಹೊಲಿದರು. ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ನ್ಯೂಯಾರ್ಕಿಗೆ ಹೋಗಿ ಸಮಾಜಸೇವೆಯ ತರಬೇತಿ ಪಡೆದು, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಯೂ ನಿಲ್ಲಲಿಲ್ಲ. ತಮ್ಮ ದಾರಿ ಯಾವುದೆಂದು ತಿಳಿಯುವ ಹೊತ್ತಿಗೆ ಅವರಿಗೆ ಸುಮಾರು ಮೂವತ್ತು ವರ್ಷ.

ಆ ದಾರಿ ಮಹಿಳೆಯರ ಮತದಾನದ ಹಕ್ಕಿನ ಹೋರಾಟ. 1910ರಲ್ಲಿ ವಾಷಿಂಗ್ಟನ್ ರಾಜ್ಯ ಮಹಿಳೆಯರಿಗೆ ಮತದ ಹಕ್ಕು ಕೊಟ್ಟಾಗ ಅದಕ್ಕಾಗಿ ದುಡಿದವರಲ್ಲಿ ಜೆನೆಟ್ ಕೂಡ ಒಬ್ಬರು. ಮರುವರ್ಷ ತವರಿಗೆ ಬಂದು ಮೊಂಟಾನಾ ಶಾಸನಸಭೆಯ ಮುಂದೆ ನಿಂತು ಇದೇ ಹಕ್ಕು ಕೇಳಿದರು. 1914ರಲ್ಲಿ ಅಲ್ಲಿಯೂ ಗೆಲುವು ಸಿಕ್ಕಿತು. ಎರಡೇ ವರ್ಷಕ್ಕೆ ರಿಪಬ್ಲಿಕನ್ ಪಕ್ಷದಿಂದ ಕಾಂಗ್ರೆಸ್ಸಿನ ಕೆಳಮನೆಗೆ ಸ್ಪರ್ಧಿಸಿದರು. ಪ್ರಚಾರದ ಖರ್ಚು ಮತ್ತು ಓಡಾಟ ನೋಡಿಕೊಂಡವರು ತಮ್ಮ ವೆಲಿಂಗ್ಟನ್. 1916ರ ನವೆಂಬರ್‌ನಲ್ಲಿ ಜೆನೆಟ್ ಗೆದ್ದಾಗ ಅಮೆರಿಕದ ಬಹುತೇಕ ರಾಜ್ಯಗಳ ಮಹಿಳೆಯರಿಗೆ ಮತ ಹಾಕುವ ಹಕ್ಕೇ ಇರಲಿಲ್ಲ.

1917ರ ಏಪ್ರಿಲ್ 2ರಂದು ಪ್ರಮಾಣವಚನ. ಅದೇ ಸಂಜೆ ಅಧ್ಯಕ್ಷ ವುಡ್ರೋ ವಿಲ್ಸನ್ ಕಾಂಗ್ರೆಸ್ಸಿಗೆ ಬಂದು ಜರ್ಮನಿಯ ವಿರುದ್ಧ ಯುದ್ಧ ಘೋಷಿಸುವಂತೆ ಕೋರಿದರು. ಹೊಸ ಸದಸ್ಯೆಗೆ ಕುರ್ಚಿ ಬಿಸಿಯಾಗುವಷ್ಟೂ ಸಮಯ ಸಿಗಲಿಲ್ಲ. ಯುದ್ಧಕ್ಕೆ ಒಪ್ಪಿಬಿಡು, ಇಲ್ಲದಿದ್ದರೆ ಮತ್ತೆ ಆಯ್ಕೆಯಾಗುವುದಿಲ್ಲ ಎಂದು ತಮ್ಮನೇ ಒತ್ತಾಯಿಸಿದ. ಹೋರಾಟದ ಗೆಳತಿಯರಲ್ಲೂ ಒಮ್ಮತವಿರಲಿಲ್ಲ. ಬೇಡ ಎಂದರೆ ಹೆಂಗಸರು ಅಧಿಕಾರಕ್ಕೆ ಲಾಯಕ್ಕಲ್ಲ ಎಂದು ಜನ ಆಡಿಕೊಳ್ಳುತ್ತಾರೆ, ಚಳವಳಿಗೇ ಪೆಟ್ಟು ಬೀಳುತ್ತದೆ ಎಂದು ಕೆಲವರು ಹೆದರಿದರು.

ಏಪ್ರಿಲ್ 6ರ ಬೆಳಗಿನ ಜಾವ ಮತದಾನ ನಡೆಯಿತು. ಮೊದಲ ಸಲ ಹೆಸರು ಕೂಗಿದಾಗ ಜೆನೆಟ್ ಉತ್ತರಿಸಲಿಲ್ಲ. ಎರಡನೇ ಸಲ ಕೂಗಿದಾಗ ಎದ್ದು ನಿಂತು ಬೇಡ ಎಂದರು. ಅಂದು 373 ಮಂದಿ ಯುದ್ಧದ ಪರ, 50 ಮಂದಿ ವಿರುದ್ಧ. ವಿರೋಧಿಸಿದ ಉಳಿದ 49 ಗಂಡಸರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು? ಬೈಗುಳದ ಬಹುಪಾಲು ಬಂದಿದ್ದು ಈ ಒಬ್ಬರ ಪಾಲಿಗೆ.

ಇಲ್ಲಿ ಒಂದು ವಿಷಯ ಮರೆಯಬಾರದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ-ಹಂಗೆರಿ ವಿರುದ್ಧದ ಯುದ್ಧ ಘೋಷಣೆಗೆ ಜೆನೆಟ್ ಪರವಾಗಿಯೇ ಮತ ಹಾಕಿದರು. ಹೇಗೂ ಶುರುವಾಗಿರುವ ಯುದ್ಧದ ಮುಂದುವರಿಕೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಇದನ್ನು ಓದಿದ ಮೇಲೆ ಅವರು ನನಗೆ ಇನ್ನೂ ಹತ್ತಿರವಾದರು. ಅವರೂ ತಡವರಿಸಿದ್ದರು, ಹೊಂದಾಣಿಕೆ ಮಾಡಿಕೊಂಡಿದ್ದರು.

ಬೇಡ ಎಂದಿದ್ದಕ್ಕೆ ಬೆಲೆ ತೆರಬೇಕಾಯಿತು. ಮೊಂಟಾನಾವನ್ನು ಎರಡು ಕ್ಷೇತ್ರಗಳಾಗಿ ಒಡೆದಾಗ ಜೆನೆಟ್ ಅವರ ಊರು ಎದುರು ಪಕ್ಷ ಬಲವಾಗಿದ್ದ ಕ್ಷೇತ್ರಕ್ಕೆ ಸೇರಿತು. ಹೀಗಾಗಿ 1918ರಲ್ಲಿ ಸೆನೆಟ್‌ಗೆ ಪ್ರಯತ್ನಿಸಿ ಸೋತರು. ಅಷ್ಟರೊಳಗೆ ಅವರು ಒಂದು ದೊಡ್ಡ ಕೆಲಸ ಮಾಡಿದ್ದರು. ದೇಶದ ಎಲ್ಲ ಮಹಿಳೆಯರಿಗೂ ಮತದ ಹಕ್ಕು ಕೊಡುವ ತಿದ್ದುಪಡಿಯ ಚರ್ಚೆಯನ್ನು 1918ರ ಜನವರಿಯಲ್ಲಿ ಕೆಳಮನೆಯಲ್ಲಿ ಆರಂಭಿಸಿದವರು ಅವರೇ. ಆ ತಿದ್ದುಪಡಿ 1920ರಲ್ಲಿ ಜಾರಿಗೆ ಬಂತು.

ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಬಳಿ ಯಾವ ಚುನಾಯಿತ ಹುದ್ದೆಯೂ ಇರಲಿಲ್ಲ. 1924ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಮೀನು ಕೊಂಡು, ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇಲ್ಲದ ಮನೆಯಲ್ಲಿ ಇದ್ದುಕೊಂಡೇ ಶಾಂತಿ ಸಂಘಟನೆಗಳಿಗೆ ದುಡಿದರು. 1940ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಮೊಂಟಾನಾ ಜನ ಅವರನ್ನು ಮತ್ತೆ ಕಾಂಗ್ರೆಸ್ಸಿಗೆ ಕಳಿಸಿದರು.

ಮತ್ತೆ ಅದೇ ಪರೀಕ್ಷೆ ಎದುರಾಯಿತು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ 2,400ಕ್ಕೂ ಹೆಚ್ಚು ಅಮೆರಿಕನ್ನರನ್ನು ಕೊಂದಿತು. ಮರುದಿನವೇ ಯುದ್ಧದ ನಿರ್ಣಯ. ಮಾತಾಡಲು ಅವಕಾಶ ಕೊಡಿ ಎಂದು ಜೆನೆಟ್ ಮತ್ತೆ ಮತ್ತೆ ಎದ್ದು ನಿಂತರೂ ಸ್ಪೀಕರ್ ಕೊಡಲಿಲ್ಲ. ಸೆನೆಟ್‌ನಲ್ಲಿ 82 ಮತಗಳು ಪರ, ವಿರೋಧ ಸೊನ್ನೆ. ಕೆಳಮನೆಯಲ್ಲಿ 388 ಪರ, ಒಂದು ವಿರೋಧ. ಆ ಒಂದು ಅವರದು. ಸಿಟ್ಟಿಗೆದ್ದ ಜನ ಮುತ್ತಿಕೊಂಡಾಗ ಅವರು ಟೆಲಿಫೋನ್ ಬೂತಿನೊಳಗೆ ಸೇರಿಕೊಂಡರು. ಪೊಲೀಸರು ಬಂದು ಕಚೇರಿಗೆ ಕರೆದೊಯ್ಯಬೇಕಾಯಿತು. ಇಡೀ ಮೊಂಟಾನಾ ನಿನಗೆ ವಿರುದ್ಧವಾಗಿದೆ ಎಂದು ತಮ್ಮನಿಂದಲೇ ಸುದ್ದಿ ಬಂತು. ಮುಂದಿನ ಚುನಾವಣೆಗೆ ಅವರು ನಿಲ್ಲಲೇ ಇಲ್ಲ.

1941ರಲ್ಲಿ ಅವರು ಮಾಡಿದ್ದು ಸರಿಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಸಭೆಯಲ್ಲಿ ನಾನಿದ್ದರೆ ಬಹುಶಃ 388ರ ಜೊತೆ ಇರುತ್ತಿದ್ದೆ. ಮನೆಬಾಗಿಲಿಗೆ ಬಂದ ದಾಳಿಯನ್ನು ಎದುರಿಸದೆ ಇರುವುದು ಹೇಗೆ? ಹಿಟ್ಲರನನ್ನು ಬರೀ ಮಾತಿನಿಂದ ತಡೆಯಬಹುದಿತ್ತೇ? ಆದರೂ ಆ ಒಂದು ಮತ ವ್ಯರ್ಥ ಎಂದು ನನಗೆ ಅನಿಸುವುದಿಲ್ಲ. ಕೋಪ ಉಕ್ಕುತ್ತಿದ್ದ ದಿನವೂ ಬೇಡ ಎನ್ನಲು ಸದನದಲ್ಲಿ ಜಾಗವಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಬೇಡ ಎನ್ನಲು ಬರದಿದ್ದರೆ ಮತದಾನ ಯಾಕೆ ಬೇಕು?

ಈ ಪ್ರಶ್ನೆ ಆಮೇಲೆಯೂ ಮುಗಿಯಲಿಲ್ಲ. 1942ರ ನಂತರ ಅಮೆರಿಕದ ಕಾಂಗ್ರೆಸ್ ವಿಧಿಬದ್ಧವಾಗಿ ಯುದ್ಧವನ್ನೇ ಘೋಷಿಸಿಲ್ಲ, ಆದರೆ ಯುದ್ಧಗಳು ನಿಂತಿಲ್ಲ. 1964ರಲ್ಲಿ ವಿಯೆಟ್ನಾಂನಲ್ಲಿ ಬಲ ಬಳಸಲು ಅನುಮತಿ ಕೊಟ್ಟ ನಿರ್ಣಯಕ್ಕೆ ಕೆಳಮನೆಯಲ್ಲಿ 416 ಮತಗಳು, ವಿರೋಧ ಸೊನ್ನೆ. ಸೆನೆಟ್‌ನಲ್ಲಿ ಇಬ್ಬರು ಮಾತ್ರ ವಿರೋಧಿಸಿದರು. 2001ರಲ್ಲಿ ಮತ್ತೊಮ್ಮೆ ಒಂಟಿ ಮತ ಬಿತ್ತು: ಕೆಳಮನೆಯಲ್ಲಿ 420ಕ್ಕೆ ಎದುರಾಗಿ ಬಾರ್ಬರಾ ಲೀ ಎಂಬ ಮಹಿಳೆಯ ಮತ. ಹಾಗಾದರೆ ಸಂಸತ್ತುಗಳು ಗೆದ್ದದ್ದೇ ಇಲ್ಲವೇ? ಇದೆ. 2003ರ ಮಾರ್ಚ್ 1ರಂದು, ಇರಾಕ್ ಯುದ್ಧಕ್ಕೆ ಅಮೆರಿಕದ ಸೈನಿಕರಿಗೆ ತನ್ನ ನೆಲ ಬಿಟ್ಟುಕೊಡುವ ಪ್ರಸ್ತಾವ ಟರ್ಕಿ ಸಂಸತ್ತಿನಲ್ಲಿ ಬಿದ್ದುಹೋಯಿತು. ಪರ 264, ವಿರುದ್ಧ 250, ತಟಸ್ಥರು 19; ಬೇಕಿದ್ದ ಬಹುಮತಕ್ಕೆ ಮೂರು ಮತ ಕಡಿಮೆ. 2013ರ ಆಗಸ್ಟ್‌ನಲ್ಲಿ ಸಿರಿಯಾ ಮೇಲಿನ ಕಾರ್ಯಾಚರಣೆಯ ಪ್ರಸ್ತಾವವನ್ನು ಬ್ರಿಟನ್ನಿನ ಕೆಳಮನೆ 285-272ರಿಂದ ತಿರಸ್ಕರಿಸಿತು. ಸದನಗಳು ಬೇಡ ಎನ್ನುವುದು ಅಪರೂಪ, ಆದರೆ ಅಸಾಧ್ಯವಲ್ಲ. ಇಷ್ಟು ಕಡಿಮೆ ಅಂತರದಲ್ಲಿ ಒಬ್ಬೊಬ್ಬರ ಮತಕ್ಕೂ ಎಷ್ಟು ತೂಕವಿದೆ ನೋಡಿ.

ಹುದ್ದೆ ಹೋದ ಮೇಲೂ ಜೆನೆಟ್ ಸುಮ್ಮನೆ ಕೂರಲಿಲ್ಲ. ಗಾಂಧೀಜಿಯ ಅಹಿಂಸೆಯತ್ತ ಸೆಳೆಯಲ್ಪಟ್ಟು 1946ರಿಂದ 1971ರ ನಡುವೆ ಏಳು ಸಲ ಭಾರತಕ್ಕೆ ಬಂದರು. 1968ರ ಜನವರಿಯಲ್ಲಿ, ಎಂಬತ್ತೇಳನೇ ವಯಸ್ಸಿನಲ್ಲಿ, ಸಾವಿರಾರು ಮಹಿಳೆಯರ ಮುಂದಾಳಾಗಿ ವಿಯೆಟ್ನಾಂ ಯುದ್ಧದ ವಿರುದ್ಧ ವಾಷಿಂಗ್ಟನ್ನಿನಲ್ಲಿ ಹೆಜ್ಜೆ ಹಾಕಿದರು. 1973ರ ಮೇ 18ರಂದು ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ, ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಅಧ್ಯಕ್ಷರು 60 ದಿನಕ್ಕಿಂತ ಹೆಚ್ಚು ಸೇನೆಯನ್ನು ಕಾದಾಟದಲ್ಲಿ ತೊಡಗಿಸುವಂತಿಲ್ಲ ಎಂಬ ಕಾನೂನು ಬಂತು. ಅದನ್ನು ನೋಡಲು ಅವರು ಇರಲಿಲ್ಲ.

ಅವರು ಬಿಟ್ಟುಹೋದ ಆಸ್ತಿಯ ಹಣದಿಂದ 1976ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ವಯಸ್ಸು ಮೂವತ್ತೈದು ದಾಟಿದ ಮೇಲೆ ಮತ್ತೆ ಓದಲು ಹೊರಟ ಬಡ ಮಹಿಳೆಯರಿಗೆ ಅದು ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಮೂವತ್ತರವರೆಗೆ ದಾರಿ ಹುಡುಕಿದವರು, ಎರಡು ಸಲ ಹುದ್ದೆ ಕಳೆದುಕೊಂಡವರು, ತಡವಾಗಿ ಹೊರಟವರ ಕಷ್ಟವನ್ನು ಕೊನೆಯವರೆಗೂ ಮರೆತಿರಲಿಲ್ಲ.